ಮಾದರಿ ಟ್ಯಾಂಕಿಗೆ ಬಣ್ಣ, ಬೆಸುಗೆ, ಧೂಳು

ಟ್ಯಾಂಕ್ ಎಂದೊಡನೆ ನಮ್ಮ ಭಾಗದ ಜನರಿಗೆ ನೆನಪಾಗುವುದು ಮಾಳಿಗೆಯ ಮೇಲಿನ ನೀರಿನ ಟಾಕಿ. ಇದಕ್ಕೆ ನಗಬೇಕಾದ ಕಾರಣವಿಲ್ಲ. ಆ ಯುದ್ಧಯಂತ್ರಕ್ಕೆ ಹೆಸರು ಬಂದದ್ದೇ ನೀರಿನ ಟಾಕಿಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರ ಸುಮಾರಿಗೆ, ಕಂದಕಗಳನ್ನು ದಾಟಬಲ್ಲ ಉಕ್ಕಿನ ಕವಚದ ಗಾಡಿಯೊಂದನ್ನು ಬ್ರಿಟನ್ನಿನವರು ಗುಟ್ಟಾಗಿ ಕಟ್ಟುತ್ತಿದ್ದರು. ವೈರಿಗೆ ಸುಳಿವು ಸಿಗಬಾರದೆಂದು ಅದನ್ನು ನೀರು ತುಂಬುವ ಟಾಕಿ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಬಯಲಾಯಿತು, ಹುಸಿಹೆಸರು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಶಾಲೆಯ ವಿಜ್ಞಾನ ಮಂಡಳಕ್ಕೆ ಪುಣೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಅಂತಹ ಟ್ಯಾಂಕಿನ ಮಾದರಿಯೊಂದನ್ನು ಕೊಟ್ಟಿದ್ದಾರೆ. ರೇಡಿಯೋ ಸಂಕೇತದಿಂದ ದೂರದಲ್ಲಿ ನಿಂತೇ ಅದನ್ನು ನಡೆಸಬಹುದು. ಬಣ್ಣವಿಲ್ಲದೆ, ಬಿಡಿಭಾಗಗಳಾಗಿ ಬಂದ ಅದನ್ನು ಜೋಡಿಸಿ, ಬಣ್ಣ ಕೊಟ್ಟು, ಸ್ನೇಹಸಮ್ಮೇಳನದ ಪ್ರದರ್ಶನಕ್ಕೆ ಸಿದ್ಧಪಡಿಸುವ ಕೆಲಸ ಕಾರ್ಯಾನುಭವದ ತಾಸಿಗೆ ಬಂತು, ಆ ತಾಸು ನನ್ನ ಪಾಲಿಗೆ ಬಂತು. ಕನ್ನಡ ಕಲಿಸುವವರಿಗೆ ಟ್ಯಾಂಕಿನ ಉಸಾಬರಿ ಏಕೆ ಎಂದು ಕೆಲವು ಪಾಲಕರು ಕೇಳಿದ್ದುಂಟು. ವರ್ಣನೆ ಬರೆಯುವುದನ್ನು ಕಲಿಸುವವನು ಮೊದಲು ನೋಡುವುದನ್ನು ಕಲಿಸಬೇಕಾಗುತ್ತದೆ. ಕಣ್ಣಿಗೆ ಬಿದ್ದುದನ್ನು ಬಿಟ್ಟು ಬಾಯಿಪಾಠದ ವಿಶೇಷಣಗಳನ್ನು ತುಂಬುವ ಹುಡುಗ ಪ್ರಬಂಧದಲ್ಲಿ ಮಾಡುವುದನ್ನೇ ಬಣ್ಣದಲ್ಲಿಯೂ ಮಾಡುತ್ತಾನೆ. ಅವನ ಟ್ಯಾಂಕಿನ ಮೈತುಂಬ ತುಕ್ಕು, ಎಲ್ಲೆಲ್ಲೂ ಕೆಸರು. ತುಕ್ಕು ಅಲ್ಲಿಗೇ ಏಕೆ ಬಂತು, ಕೆಸರು ಯಾವ ಊರಿನದು ಎಂದು ಕೇಳಿದರೆ ಉತ್ತರವಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಮಾದರಿಯ ಮೇಲೆ ನಾವು ಇಡುವ ಒಂದೊಂದು ಗುರುತಿಗೂ ಕಾರಣ ಹೇಳಲು ಬರಬೇಕು.

ಮೊದಲು ಮೂಲದ ಪರಿಚಯ. ನಮ್ಮ ಮಾದರಿ ಸೆಂಚೂರಿಯನ್ ಎಂಬ ಬ್ರಿಟಿಷ್ ಟ್ಯಾಂಕಿನದು. ಅದರ ವಿನ್ಯಾಸ ಆರಂಭವಾದದ್ದು 1943ರಲ್ಲಿ. 1945ರ ಮೇ ತಿಂಗಳಲ್ಲಿ ಮೊದಲ ಕೆಲವು ಗಾಡಿಗಳು ಯುರೋಪಿನ ನೆಲ ಮುಟ್ಟುವಷ್ಟರಲ್ಲಿ ಅಲ್ಲಿಯ ಯುದ್ಧ ಮುಗಿದಿತ್ತು. ಮುಂದೆ ಅದು ನಮ್ಮ ಸೇನೆಗೆ ಬಂದು 1965 ಮತ್ತು 1971ರ ಯುದ್ಧಗಳಲ್ಲಿ ದುಡಿಯಿತು. 1965ರ ಸೆಪ್ಟೆಂಬರಿನಲ್ಲಿ ಸಿಯಾಲ್‌ಕೋಟ್ ರಂಗದಲ್ಲಿ ಮಡಿದ ಲೆಫ್ಟಿನೆಂಟ್ ಕರ್ನಲ್ ಎ. ಬಿ. ತಾರಾಪೋರ್ ಹಾಗೂ 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಮಡಿದ, ಕೇವಲ 21 ವರ್ಷ ವಯಸ್ಸಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್, ಇಬ್ಬರೂ ಪೂನಾ ಹಾರ್ಸ್ ದಳದವರು, ಇಬ್ಬರೂ ಸೆಂಚೂರಿಯನ್ ಟ್ಯಾಂಕುಗಳಲ್ಲಿ ಹೋರಾಡಿದವರು. ಇಬ್ಬರಿಗೂ ಪರಮವೀರ ಚಕ್ರ ಸಂದಿತು.

ಮಾದರಿಯ ಅಳತೆ ಹದಿನಾರಕ್ಕೆ ಒಂದು. ನಿಜವಾದ ಟ್ಯಾಂಕಿನ ಒಡಲು ಸುಮಾರು 7.6 ಮೀಟರ್ ಉದ್ದ, 3.39 ಮೀಟರ್ ಅಗಲ. ಮಾದರಿಯಲ್ಲಿ ಇವು 47.5 ಸೆಂ.ಮೀ. ಮತ್ತು 21 ಸೆಂ.ಮೀ. ಆಗುತ್ತವೆ. 168 ಸೆಂ.ಮೀ. ಎತ್ತರದ ಸೈನಿಕ ಹತ್ತೂವರೆ ಸೆಂ.ಮೀ.ಗೆ ಇಳಿಯುತ್ತಾನೆ. ಇಷ್ಟು ಲೆಕ್ಕ ಐದನೆಯ ಇಯತ್ತೆಯವರೂ ಮಾಡಿಯಾರು. ತೂಕದ ಲೆಕ್ಕದಲ್ಲಿ ಮಾತ್ರ ಒಂಬತ್ತನೆಯವರೂ ಎಡವುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಹದಿನಾರು ಪಟ್ಟು ಕುಗ್ಗಿದಾಗ ಘನಫಲ 16 × 16 × 16, ಅಂದರೆ 4096 ಪಟ್ಟು ಕುಗ್ಗುತ್ತದೆ. ಸುಮಾರು 51 ಟನ್ ತೂಕದ ಗಾಡಿಯನ್ನು 4096ರಿಂದ ಭಾಗಿಸಿದರೆ ಹನ್ನೆರಡೂವರೆ ಕಿಲೋ ಬರುತ್ತದೆ. ನಮ್ಮ ಮಾದರಿ ತಕ್ಕಡಿಯಲ್ಲಿ ಐದು ಕಿಲೋ ಕೂಡ ತೂಗಲಿಲ್ಲ. ಆದುದರಿಂದಲೇ ಅದು ಹರಳು ಸಿಕ್ಕಲ್ಲೆಲ್ಲ ಆಟಿಕೆಯಂತೆ ಪುಟಿಯುತ್ತದೆ. ಸೀಸದ ಗುಂಡು ತುಂಬಿ ಭಾರ ಹೆಚ್ಚಿಸೋಣವೆಂದು ಹುಡುಗರು ಹೇಳಿದರು. ಹಲ್ಲುಗಾಲಿಗಳು ತಡೆಯಲಾರವು ಎಂದು ಬಿಡಿಸಿದೆನು.

ಇನ್ನೊಂದು ಸ್ವಾರಸ್ಯ. ಜಗತ್ತಿನಲ್ಲಿ ಟ್ಯಾಂಕ್ ಮಾದರಿ ಮಾಡುವವರಲ್ಲಿ ಬಹು ಮಂದಿ ಮೂವತ್ತೈದಕ್ಕೆ ಒಂದು ಎಂಬ ಅಳತೆಯನ್ನು ಅನುಸರಿಸುತ್ತಾರೆ. ಈ ವಿಚಿತ್ರ ಸಂಖ್ಯೆಯ ಮೂಲ ಒಂದು ಬ್ಯಾಟರಿ! 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಸಂಸ್ಥೆ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಿತು. ಒಳಗೆ ಎರಡು ಬ್ಯಾಟರಿ ಹಿಡಿಸಬೇಕಲ್ಲ, ಅಷ್ಟಕ್ಕೆ ಬೇಕಾದ ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದರೆ ಅದು ಹೆಚ್ಚುಕಡಿಮೆ ಮೂವತ್ತೈದಕ್ಕೆ ಒಂದು. ಮುಂದಿನ ಮಾದರಿಗಳೆಲ್ಲ ಅದೇ ದಾರಿ ಹಿಡಿದವು.

ಈಗ ಕೆಲಸಕ್ಕೆ ಬರೋಣ. ಓಡುವ ಮಾದರಿಯನ್ನು ಜೋಡಿಸಿದ ಕೂಡಲೇ ಬಣ್ಣದ ಡಬ್ಬಿಗೆ ಕೈ ಹಾಕಬಾರದು. ಮೊದಲು ಓಡಿಸಿ ನೋಡಿರಿ. ಎಡಕ್ಕೊಂದು ಬಲಕ್ಕೊಂದು ಮೋಟಾರು ಇರುತ್ತದೆ. ಟ್ಯಾಂಕಿಗೆ ಮೋಟಾರು ಗಾಡಿಯಂತೆ ತಿರುಗುವ ಮುಂಗಾಲಿ ಇಲ್ಲ. ಒಂದು ಬದಿಯ ಉಕ್ಕಿನ ಪಟ್ಟಿ ನಿಧಾನವಾಗಿ, ಇನ್ನೊಂದು ಬದಿಯದು ವೇಗವಾಗಿ ಓಡಿದರೆ ಅದು ನಿಧಾನವಾದ ಬದಿಗೆ ಹೊರಳುತ್ತದೆ. ನೆಟ್ಟಗೆ ಓಡಿಸಿದಾಗಲೂ ಅದು ಒಂದೇ ಕಡೆಗೆ ವಾಲಿದರೆ ಆ ಬದಿಯಲ್ಲಿ ಎಲ್ಲಿಯೋ ಬಿಗಿಯಾಗಿದೆ ಎಂದು ತಿಳಿಯಬೇಕು. ಬಣ್ಣ ಬಿದ್ದ ಮೇಲೆ ಬಿಚ್ಚುವುದು ಕಷ್ಟ. ಎಲ್ಲ ಸರಿಯೆನಿಸಿದ ಬಳಿಕ ಬ್ಯಾಟರಿ, ಮೋಟಾರು, ರೇಡಿಯೋ ಸಂಕೇತ ಹಿಡಿಯುವ ಪೆಟ್ಟಿಗೆ ಇವನ್ನು ತೆಗೆದಿರಿಸಿ, ಉಳಿದ ಪ್ಲಾಸ್ಟಿಕ್ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಕಾರ್ಖಾನೆಯಲ್ಲಿ ಸವರುವ ಜಿಡ್ಡು ಅದರ ಮೇಲೆ ಉಳಿದಿರುತ್ತದೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಬಣ್ಣಕ್ಕಿಂತ ಮೊದಲು ಮೇಲ್ಮೈ. ಸೆಂಚೂರಿಯನ್ನಿನ ಒಡಲು ಉಕ್ಕಿನ ಫಲಕಗಳನ್ನು ಬೆಸೆದು ಕಟ್ಟಿದ್ದು. ತಿರುಗುವ ಗೋಪುರವಾದರೋ ಎರಕ ಹೊಯ್ದದ್ದು, ಅದರ ಮಾಳಿಗೆ ಮಾತ್ರ ಬೆಸೆದ ಫಲಕ. ಫಲಕ ನುಣುಪಾಗಿರುತ್ತದೆ; ಎರಕದ ಮೈ ಉಸುಕಿನ ಅಚ್ಚಿನ ತರಿಯನ್ನು ಹೊತ್ತುಕೊಂಡಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಒಂದೇ ಸಮ ನುಣುಪಾಗಿ ಬಂದಿರುತ್ತವೆ. ಪುಟ್ಟಿಯನ್ನು ಥಿನ್ನರಿನಲ್ಲಿ ಗಂಜಿಯ ಹದಕ್ಕೆ ಕದಡಿ, ಕೂದಲು ಕತ್ತರಿಸಿದ ಗಡುಸು ಕುಂಚದಿಂದ ಗೋಪುರದ ಮೇಲೆ ಕುಟ್ಟುತ್ತ ಹೋಗಬೇಕು. ಬಳಿಯಬಾರದು, ಕುಟ್ಟಬೇಕು. ಒಣಗಿದ ಮೇಲೆ ಪಾಲಿಶ್ ಕಾಗದದಿಂದ ಹಗುರಾಗಿ ಉಜ್ಜಿದರೆ ಎರಕದ ತರಿ ಕೈಗೆ ಸಿಗುತ್ತದೆ. ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ತಮ್ಮ ಮನೆಯ ಬೀಡುಕಬ್ಬಿಣದ ಒರಳನ್ನು ತಂದು ಪಕ್ಕದಲ್ಲಿಟ್ಟು, ಅದನ್ನು ಮುಟ್ಟಿ ಮುಟ್ಟಿ ನೋಡುತ್ತ ಈ ಕೆಲಸ ಮಾಡಿದಳು. ಇಡೀ ಟ್ಯಾಂಕಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಭಾಗ ಅದೇ.

ಬೆಸುಗೆಯ ಗೆರೆಗೆ ಅಂಗಡಿಯಲ್ಲಿ ಸಿಗುವ ಎಂ-ಸೀಲ್ ಸಾಕು. ಎರಡು ಬಣ್ಣದ ಮುದ್ದೆಗಳನ್ನು ನಾದಿ, ಶಾವಿಗೆಗಿಂತ ತೆಳ್ಳಗೆ ಹೊಸೆದು, ಫಲಕಗಳು ಕೂಡುವಲ್ಲಿ ಕೂರಿಸಿ, ಮೊಂಡು ಸೂಜಿಯಿಂದ ಒತ್ತೊತ್ತಾಗಿ ಗೀರಬೇಕು. ನಿಜವಾದ ಬೆಸುಗೆ ಹದಿನಾರು ಮಿ.ಮೀ. ಅಗಲವಿದ್ದರೆ ನಮ್ಮದು ಒಂದು ಮಿ.ಮೀ. ಹಿಡಿಕೆಗಳಿಗೆ ಒಂದು ಮಿ.ಮೀ. ದಪ್ಪದ ತಂತಿ, ಎಳೆಯುವ ಉಕ್ಕಿನ ಹಗ್ಗಕ್ಕೆ ಹಳೆಯ ವಿದ್ಯುತ್ ವಾಯರಿನ ತಾಮ್ರದ ಎಳೆಗಳನ್ನು ಹೊಸೆದದ್ದು. ಮಡಚಿಟ್ಟ ತಾಡಪತ್ರಿಗೆ ಬಟ್ಟೆಯ ತುಂಡು ಬಳಸಬಾರದು. ಎಷ್ಟೇ ನಯವಾದ ಮಲ್ಲಿನಲ್ಲಿಯೂ ನೂಲಿನ ಎಳೆ ಕಣ್ಣಿಗೆ ಕಾಣುತ್ತದೆ. ಅದನ್ನು ಹದಿನಾರು ಪಟ್ಟು ದೊಡ್ಡದಾಗಿ ಊಹಿಸಿಕೊಂಡರೆ ಗೋಣಿಯ ದಾರಕ್ಕಿಂತ ದಪ್ಪ! ತೆಳುಕಾಗದವನ್ನು ಫೆವಿಕಾಲ್ ಬೆರೆಸಿದ ನೀರಿನಲ್ಲಿ ಅದ್ದಿ ಮಡಚಿದರೆ ತಾಡಪತ್ರಿಯ ಮಡಿಕೆ ಸೊಗಸಾಗಿ ಬೀಳುತ್ತದೆ.

ಆದರೆ ಓಡುವ ಮಾದರಿಯಲ್ಲಿ ಅಲಂಕಾರಕ್ಕೆ ಮಿತಿಯುಂಟು. ಗೋಪುರ ಸುತ್ತ ತಿರುಗುತ್ತದೆ, ತೋಪಿನ ನಳಿಗೆ ಏರಿಳಿಯುತ್ತದೆ. ಅಂಟಿಸುವ ಮೊದಲು ಪ್ರತಿಯೊಂದು ಬಿಡಿವಸ್ತುವನ್ನೂ ಅದರ ಜಾಗದಲ್ಲಿ ಹಿಡಿದು, ಗೋಪುರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಬೇಕು. ಇನ್ನೊಂದು, ಸಂಕೇತ ಹಿಡಿಯುವ ತಂತಿ. ಈಗಿನ ಯಂತ್ರಗಳು 2.4 ಗಿಗಾಹರ್ಟ್ಸ್ ಅಲೆಗಳನ್ನು ಬಳಸುತ್ತವೆ. ಅವುಗಳ ಅಲೆಯುದ್ದ ಹನ್ನೆರಡೂವರೆ ಸೆಂ.ಮೀ. ಮಾತ್ರ, ಅದರ ಕಾಲುಭಾಗದಷ್ಟು, ಸುಮಾರು ಮೂರು ಸೆಂ.ಮೀ. ತಂತಿ ಸಾಕು. ಹಿಂದೆ 27 ಮೆಗಾಹರ್ಟ್ಸ್ ಇದ್ದಾಗ ಅಲೆಯುದ್ದವೇ ಹನ್ನೊಂದು ಮೀಟರ್. ಆದ್ದರಿಂದ ಹಳೆಯ ಆಟಿಕೆಗಳಿಗೆ ಉದ್ದನೆಯ ಕಡ್ಡಿ ಇರುತ್ತಿತ್ತು. ಈ ಪುಟ್ಟ ತಂತಿಯ ಸುತ್ತ ತಗಡು, ಲೋಹದ ಪುಡಿಯ ಬಣ್ಣ ಬರಕೂಡದು. ಸಂಕೇತ ಕುಂದುತ್ತದೆ.

ಬಣ್ಣದಲ್ಲಿ ದಪ್ಪವೇ ಶತ್ರು. ಕುಂಚದಿಂದ ಎಳೆದ ದಪ್ಪ ಲೇಪ 0.2 ಮಿ.ಮೀ. ಇದ್ದರೆ ಅದು ನಿಜವಾದ ಟ್ಯಾಂಕಿನ ಮೇಲೆ ಮೂರು ಮಿ.ಮೀ.ಗೂ ಹೆಚ್ಚು ದಪ್ಪದ ಬಣ್ಣಕ್ಕೆ ಸಮ. ನಾವು ಕಷ್ಟಪಟ್ಟು ಮಾಡಿದ ಬೆಸುಗೆಯೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಬೂದು ಪ್ರೈಮರಿನ ಒಂದು ತೆಳು ಪೊರೆ, ಅದರ ಮೇಲೆ ಹಸಿರಿನ ಎರಡು ಮೂರು ತೆಳು ಪೊರೆಗಳು, ನಡುವೆ ಒಣಗಲು ಬಿಡುವು, ಇದೇ ಕ್ರಮ. ಡಬ್ಬಿಯ ಹಸಿರನ್ನು ಹಾಗೆಯೇ ಹಚ್ಚಿದರೆ ಕೋಣೆಯ ಬೆಳಕಿನಲ್ಲಿ ಚಿಕ್ಕ ವಸ್ತು ಕಪ್ಪಾಗಿ ಕಾಣುತ್ತದೆ. ಎಂಟು ಪಾಲಿಗೆ ಒಂದು ಪಾಲು ತಿಳಿ ಮಣ್ಣುಹಳದಿ ಬೆರೆಸಿರಿ. ಬಿಳಿ ಬೆರೆಸಿದರೆ ಹಸಿರು ಸುಣ್ಣ ಬಳಿದಂತಾಗುತ್ತದೆ. ಥಿನ್ನರಿನ ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಅಂಗಳವೇ ಮೇಲು. ಚಿಕ್ಕ ಮಕ್ಕಳು ಹತ್ತಿರ ಬಾರದಂತೆ ಪಾಲಕರು ನೋಡಿಕೊಳ್ಳಬೇಕು.

ಇಲ್ಲಿಯವರೆಗೆ ಹುಡುಗರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹಸಿರು ಒಣಗಿದ ಮರುದಿನ ವಾದ ಹುಟ್ಟಿತು. ಒಂದು ಗುಂಪು ಇದನ್ನು ಖೇತರ್‌ಪಾಲರ ‘ಫಾಮಗುಸ್ತಾ’ ಟ್ಯಾಂಕನ್ನಾಗಿ ಮಾಡೋಣ, ಗುಂಡು ತಾಗಿದ ತೂತು, ಸುಟ್ಟ ಕಪ್ಪು ಎಲ್ಲವನ್ನೂ ತೋರಿಸೋಣ, ಪ್ರದರ್ಶನದಲ್ಲಿ ಜನ ನಿಂತು ನೋಡುತ್ತಾರೆ ಎಂದಿತು. ನಾನು ಎರಡು ಪ್ರಶ್ನೆ ಕೇಳಿದೆನು. ಅಂತಹ ಪೆಟ್ಟು ತಿಂದು ಒಳಗೆ ಬೆಂಕಿ ಹೊಕ್ಕ ಟ್ಯಾಂಕು ಆಮೇಲೆ ಅಂಗಳದ ತುಂಬ ಓಡಾಡೀತೆ? ನಮ್ಮ ಮಾದರಿ ಓಡುತ್ತದೆ. ಓಡುವ ಗಾಡಿಗೆ ಸುಟ್ಟ ಗಾಯ ಬರೆದರೆ ಅದರ ಓಟವಾದರೂ ಸುಳ್ಳು, ಗಾಯವಾದರೂ ಸುಳ್ಳು. ಎರಡನೆಯದು, ಆ ತೂತಿನ ಹಿಂದೆ 21 ವರ್ಷದ ಒಬ್ಬ ಹುಡುಗ ಪ್ರಾಣ ಬಿಟ್ಟಿದ್ದಾನೆ. ಅದನ್ನು ಗುಂಡಿ ಒತ್ತಿ ಓಡಿಸುತ್ತ, ಚಪ್ಪಾಳೆ ಹೊಡೆಯುತ್ತ ನೋಡಲು ನಿಮ್ಮ ಮನಸ್ಸು ಒಪ್ಪುತ್ತದೆಯೇ? ಆ ಗುಂಪಿನ ಮುಂದಾಳು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ನಮ್ಮ ಟ್ಯಾಂಕು ಎಲ್ಲಿ ಓಡಿದ್ದು ಎಂದು ಕೇಳಿದನು. ಅದೇ ಸರಿಯಾದ ಪ್ರಶ್ನೆ.

ಉತ್ತರ ದೂರವಿರಲಿಲ್ಲ. ಭಾರತದ ಟ್ಯಾಂಕ್ ದಳದ ತರಬೇತಿ ಕೇಂದ್ರ ಇರುವುದು ನಮ್ಮ ರಾಜ್ಯದಲ್ಲಿಯೇ, ಅಹಮದ್‌ನಗರದಲ್ಲಿ. 2024ರಿಂದ ಆ ಊರಿನ ಹೆಸರು ಅಹಿಲ್ಯಾನಗರ. ಅಲ್ಲಿಯ ನೆಲವೂ ನಮ್ಮ ಸೊಲ್ಲಾಪುರ ಭಾಗದಂತೆ ದಖ್ಖಣದ ಕಪ್ಪು ಕಲ್ಲಿನಿಂದ ಹುಟ್ಟಿದ ಎರೆಮಣ್ಣು ಮತ್ತು ಗರಸು. ಬಸಂತರಿನ ತೀರವಾಗಿದ್ದರೆ ನದಿ ತಂದುಹಾಕಿದ ಮಸುಕು ಬೂದುಹಳದಿ ಮೆಕ್ಕಲು ಬೇಕಾಗುತ್ತಿತ್ತು. ತರಬೇತಿಯ ಟ್ಯಾಂಕು ಎಂದಮೇಲೆ ಧೂಳು ನಮ್ಮ ಹೊಲದಲ್ಲೇ ಇದೆ. ಹುಡುಗರು ಒಪ್ಪಿದರು.

ಮುಂದಿನ ಕ್ರಮದಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ. ಹಸಿರಿನ ಮೇಲೆ ಮೊದಲು ಹೊಳಪಿನ ವಾರ್ನಿಶ್ ಹಚ್ಚಬೇಕು. ಮಂಕು ಬಣ್ಣದ ಮೈ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಸಂಖ್ಯೆಗಳ ಅಂಟುಚೀಟಿಯನ್ನು ಅದರ ಮೇಲೆ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಚೀಟಿ ಒಣಗಿದ ಬಳಿಕ ಕಂದುಕಪ್ಪು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಕಷಾಯದಷ್ಟು ತೆಳ್ಳಗೆ ಕದಡಿ, ಸಣ್ಣ ಕುಂಚದಿಂದ ಸಂದುಗಳಿಗೆ ಮುಟ್ಟಿಸಬೇಕು. ಅದು ತಾನಾಗಿಯೇ ಗೆರೆ ಹಿಡಿದು ಹರಿಯುತ್ತದೆ. ಕೆಳಗಿನ ಹಸಿರು ನೀರಿನಲ್ಲಿ ಕದಡುವ ಅಕ್ರಿಲಿಕ್ ಜಾತಿಯದಾದ್ದರಿಂದ ಟರ್ಪೆಂಟೈನು ಅದನ್ನು ಕರಗಿಸುವುದಿಲ್ಲ. ಎರಡೂ ಪೊರೆಗಳಿಗೆ ಒಂದೇ ದ್ರಾವಕವಾಗಿದ್ದರೆ ಮೇಲಿನದನ್ನು ಹಚ್ಚುವಾಗ ಕೆಳಗಿನದು ಎದ್ದುಬರುತ್ತಿತ್ತು. ಆಮೇಲೆ ಒಣಕುಂಚ: ತಿಳಿ ಹಸಿರನ್ನು ಕುಂಚಕ್ಕೆ ತಾಗಿಸಿ, ಕಾಗದದ ಮೇಲೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎನ್ನುವಾಗ ಏಣುಗಳ ಮೇಲೆ ಸವರುವುದು. ಬೆಳಕು ಬಿದ್ದ ಹಾಗೆ ಅಂಚುಗಳು ಎದ್ದು ಕಾಣುತ್ತವೆ. ಇದು ಕಲಿತವರಿಗೆ ಚಟವಾಗುತ್ತದೆ. ಅರ್ಧಕ್ಕೆ ನಿಲ್ಲಿಸುವುದೇ ಜಾಣತನ.

ಸವಕಳಿ, ತುಕ್ಕುಗಳ ವಿಷಯದಲ್ಲಿ ಒಕ್ಕಲು ಮಕ್ಕಳಿಗೆ ನಾನು ಕಲಿಸುವುದೇನೂ ಇಲ್ಲ. ನೇಗಿಲಿನ ಕುಳವನ್ನು ನೋಡಿರಿ. ಮಣ್ಣು ಉಜ್ಜುವ ತುದಿ ಬೆಳ್ಳಿಯಂತಿರುತ್ತದೆ, ಉಜ್ಜದ ಭಾಗ ಕಂದಾಗಿರುತ್ತದೆ. ಚಕ್ಕಡಿಯ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿಯೂ ಹಾಗೆಯೇ. ಟ್ಯಾಂಕಿನ ಪಟ್ಟಿಯ ಕೊಂಡಿಗಳಲ್ಲಿ ನೆಲ ಮುಟ್ಟುವ ಏಣು, ಒಳಮಗ್ಗುಲಲ್ಲಿ ಗಾಲಿ ಉರುಳುವ ದಾರಿ ಇಷ್ಟೇ ಹೊಳೆಯಬೇಕು, ಉಳಿದದ್ದು ಗಾಢ ಕಂದು. ಹಾಗೆ ಹೊಳಪು ಬರೆಯುವ ಗೋಜೂ ನಮಗಿಲ್ಲ. ಲೋಹದ ಪಟ್ಟಿಗೆ ಕಂದುಬಣ್ಣ ಹಚ್ಚಿ, ಅಂಗಳದಲ್ಲಿ ಅರ್ಧ ತಾಸು ಓಡಿಸಿದೆವು. ಎಲ್ಲಿ ಉಜ್ಜಬೇಕೋ ಅಲ್ಲಿ ಅದೇ ಉಜ್ಜಿಕೊಂಡಿತು. ಕಪಾಟಿನಲ್ಲಿ ಕೂರುವ ಮಾದರಿಗೆ ಈ ಭಾಗ್ಯವಿಲ್ಲ. ಹಲ್ಲುಗಾಲಿಯ ಹಲ್ಲಿಗೆ ಮಾತ್ರ ಮೊದಲಿಗೇ ಬಣ್ಣ ಹಚ್ಚಬಾರದು. ಸುಲಿದ ಬಣ್ಣದ ಚೂರು ಒಳಗೆ ಸೇರಿ ಯಂತ್ರ ಕಚ್ಚಿಕೊಳ್ಳುತ್ತದೆ.

ಸೇನೆಯಿಂದ ನಿವೃತ್ತರಾದ ಪಾಲಕರೊಬ್ಬರು ಒಂದು ಸಂಜೆ ಬಂದು ನೋಡಿದರು. ಹುಡುಗರು ಬಾಗಿಲುಗಳ ಸುತ್ತ ಹಚ್ಚಿದ್ದ ತುಕ್ಕನ್ನು ಕಂಡು, ಸಂಜೆಯಾದರೆ ಒರೆಸಿ ಎಣ್ಣೆ ಹಾಕದೆ ಮಲಗದವರ ಗಾಡಿಯಲ್ಲಿ ಇಷ್ಟು ತುಕ್ಕು ಎಲ್ಲಿಂದ ಬರಬೇಕಪ್ಪಾ ಎಂದರು. ಅದನ್ನು ಅಳಿಸಿದೆವು. ತುಕ್ಕು ಉಳಿದದ್ದು ಹಿಂದಿನ ಎರಡು ಹೊಗೆಕೊಳವೆಗಳ ಮೇಲೆ. ಅಲ್ಲಿ ಕಾವಿಗೆ ಬಣ್ಣ ಸುಟ್ಟುಹೋಗುವುದರಿಂದ ಕಬ್ಬಿಣ ಬರಿಮೈಯಾಗುತ್ತದೆ. ಸೆಂಚೂರಿಯನ್ನಿನ ಎಂಜಿನ್ನು 650 ಅಶ್ವಶಕ್ತಿಯ ರೋಲ್ಸ್ ರಾಯ್ಸ್ ಮೀಟಿಯೋರ್, ಪೆಟ್ರೋಲಿನದು. ತುಂಬುವಾಗ ಚೆಲ್ಲಿದ ಪೆಟ್ರೋಲು ಧೂಳನ್ನು ತೊಳೆದು ಗಾಢ ಕಲೆ ಬಿಡುವುದು ಸಹಜ. ಮುಚ್ಚಳಗಳ ಸುತ್ತ ಅದನ್ನು ತೋರಿಸಿದೆವು. ಚಾಲಕ ಕುಳಿತುಕೊಳ್ಳುವುದು ಮುಂದೆ ಬಲಗಡೆ. ಆದುದರಿಂದ ಬಲ ಮುಂಭಾಗದಲ್ಲಿ ಬೂಟುಗಾಲಿನ ಸವಕಳಿ ಎಡಕ್ಕಿಂತ ಹೆಚ್ಚು. ಇದನ್ನು ಯಾರೂ ಹೇಳಿಕೊಡದೆ ಎಂಟನೆಯ ಇಯತ್ತೆಯ ಹುಡುಗನೊಬ್ಬ ಕಂಡುಕೊಂಡನು.

ಕೊನೆಗೆ ಧೂಳು. ಅರ್ಧ ಮಿ.ಮೀ.ನ ಮಣ್ಣಿನ ಕಣ ಮಾದರಿಯ ಮೇಲೆ ಎಂಟು ಮಿ.ಮೀ.ನ ಹರಳಾಗಿ ಕಾಣುತ್ತದೆ. ಆದುದರಿಂದ ಎರೆಮಣ್ಣನ್ನು ಬಿಸಿಲಿನಲ್ಲಿ ಒಣಗಿಸಿ, ಒರಳಿನಲ್ಲಿ ಕುಟ್ಟಿ, ಔಷಧಿಯ ಚೂರ್ಣದಂತೆ ವಸ್ತ್ರಗಾಳಿತ ಮಾಡಬೇಕು. ನಮ್ಮ ಎರೆ ಹಸಿಯಿದ್ದಾಗ ಕಪ್ಪು, ಒಣಗಿದರೆ ಬೂದಿಯ ಬಣ್ಣ. ಗಾಲಿಗಳ ನಡುವೆ, ಒಡಲಿನ ಕೆಳಭಾಗದಲ್ಲಿ ಫೆವಿಕಾಲ್ ನೀರು ಬೆರೆಸಿದ ಕಪ್ಪು ಕೆಸರನ್ನು ಮೆತ್ತಿ, ಮೇಲಕ್ಕೆ ಹೋದಂತೆ ಒಣಪುಡಿಯನ್ನು ಮೆತ್ತನೆಯ ಕುಂಚದಿಂದ ತೇಲಿಸಿದೆವು. ಗೋಪುರದ ಮೇಲೆ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲದರ ಮೇಲೆ ಮಂಕು ವಾರ್ನಿಶಿನ ಒಂದು ತೆಳು ಪೊರೆ ಬಿದ್ದಾಗ ಹೊಳಪು ಅಡಗಿತು, ಪುಡಿಯೂ ನಿಂತಿತು. ಅಚ್ಚುಗಳ ಬಾಯಿಗೆ ಮಣ್ಣು ಹೋಗದಂತೆ ಮೊದಲೇ ಕಾಗದದ ಪಟ್ಟಿ ಅಂಟಿಸಿದ್ದೆವು.

ಓಡಿಸುವಾಗಲೂ ಅಳತೆ ಮರೆಯಬಾರದು. ಮೂಲದ ಗರಿಷ್ಠ ವೇಗ ತಾಸಿಗೆ ಸುಮಾರು 35 ಕಿ.ಮೀ. ಹದಿನಾರರಿಂದ ಭಾಗಿಸಿದರೆ ಸೆಕೆಂಡಿಗೆ 60 ಸೆಂ.ಮೀ., ಮುದುಕರ ನಡಿಗೆ. ಗುಂಡಿಯನ್ನು ಪೂರ್ತಿ ಒತ್ತುವ ಉತ್ಸಾಹಿಗಳ ಕೈಯಲ್ಲಿ ಇಷ್ಟೆಲ್ಲ ಬಣ್ಣಗಾರಿಕೆಯೂ ಒಂದು ಗಳಿಗೆಯಲ್ಲಿ ಆಟಿಕೆಯಾಗಿಬಿಡುತ್ತದೆ.

ಅಹಿಲ್ಯಾನಗರದಲ್ಲಿ 1994ರಲ್ಲಿ ಸ್ಥಾಪಿಸಿದ ಟ್ಯಾಂಕ್ ಸಂಗ್ರಹಾಲಯವಿದೆ. ಸೆಂಚೂರಿಯನ್, ನಮ್ಮ ವಿಜಯಂತ, ವೈರಿಯಿಂದ ವಶಪಡಿಸಿಕೊಂಡ ಪ್ಯಾಟನ್ ಎಲ್ಲವೂ ಬಯಲಿನಲ್ಲಿ ನಿಂತಿವೆ. ಪ್ರವಾಸಕ್ಕೆ ಹೋಗುವವರು ಬಣ್ಣಕ್ಕಾಗಿ ಅವುಗಳನ್ನು ನಂಬಬೇಡಿರಿ. ಮಳೆಬಿಸಿಲಿಗೆ ಕೆಡದಂತೆ ಪ್ರದರ್ಶನದ ಗಾಡಿಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಎರಕದ ತರಿಯನ್ನೂ ಬೆಸುಗೆಯ ಗೆರೆಯನ್ನೂ ಹತ್ತಿರ ನಿಂತು ನೋಡಿರಿ, ಅಳತೆಪಟ್ಟಿ ಜೊತೆಗಿರಲಿ.

ಮಾದರಿ ಈಗ ವಿಜ್ಞಾನ ಕೋಣೆಯ ಗಾಜಿನ ಕಪಾಟಿನಲ್ಲಿದೆ. ಪಟ್ಟಿಗಳ ಮೇಲೆ ಭಾರ ಬೀಳದಂತೆ ಒಡಲಿನ ಕೆಳಗೆ ಎರಡು ಮರದ ತುಂಡುಗಳನ್ನಿಟ್ಟಿದ್ದೇವೆ. ಬ್ಯಾಟರಿಯನ್ನು ಹೊರಗೆ ತೆಗೆದಿರಿಸಿದೆ. ಅದನ್ನು ಚಾರ್ಜಿಗೆ ಹಾಕಿದಾಗ ದೊಡ್ಡವರೊಬ್ಬರು ಹತ್ತಿರವಿರಲೇಬೇಕು. ಕಪಾಟಿನ ಕೀಲಿಕೈ ಸಿಪಾಯಿಯವರ ಬಳಿ ಇರುತ್ತದೆ. ಶನಿವಾರ ಮಧ್ಯಾಹ್ನದ ತಾಸಿನಲ್ಲಿ ಯಾವ ಪಾಲಕರಾದರೂ ಬಂದು ನೋಡಬಹುದು.